ಹಿಂಚಕ್ರದ ಕಾರಿಗೆ ರಂಪಣಿ ಹಗ್ಗ

ಒಂದೇ ಕಾರಿನ ವೇಗವನ್ನು ಮೂರು ಪತ್ರಿಕೆಗಳು ಮೂರು ಬಗೆಯಾಗಿ ಬರೆದಿದ್ದವು. ನಿಂತಲ್ಲಿಂದ ಹೊರಟು ಗಂಟೆಗೆ ನೂರು ಕಿಲೋಮೀಟರ್ ವೇಗ ಮುಟ್ಟಲು ಏಳು ಸೆಕೆಂಡು ಬೇಕೆಂದು ಒಂದು, ಆರೂವರೆ ಸಾಕೆಂದು ಇನ್ನೊಂದು, ಎಂಟರ ಹತ್ತಿರವೆಂದು ಮೂರನೆಯದು. ಅದರ ಎದುರಾಳಿಗಳ ಅಂಕಿಗಳೂ ಹಾಗೆಯೇ. ಮುಂದಿನ ಚಕ್ರಗಳಿಂದ ಓಡುವ ಟರ್ಬೊ ಕಾರು ಒಂದು ಪುಟದಲ್ಲಿ ಗೆದ್ದು ಇನ್ನೊಂದರಲ್ಲಿ ಸೋತಿತ್ತು. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಆಮೇಲೆ ಕಲಿತದ್ದೆಲ್ಲ ಅಂಕೋಲೆಯ ರದ್ದಿ ಅಂಗಡಿಯಿಂದ ತಂದು ಓದಿದ ಹಳೆಯ ಕಾಗದಗಳಿಂದ. ಹೀಗೆ ಕಲಿತವನಿಗೆ ಒಂದು ಅಭ್ಯಾಸ ಅಂಟಿಕೊಳ್ಳುತ್ತದೆ. ಅಚ್ಚಾದದ್ದನ್ನು ಓದಿದೊಡನೆ, ಇದನ್ನು ಕಣ್ಣಾರೆ ಕಂಡವರು ಯಾರು ಎಂದು ಕೇಳಬೇಕೆನಿಸುತ್ತದೆ. ಅಳೆಯುವಾಗ ಕಾರಿನಲ್ಲಿ ಒಬ್ಬರಿದ್ದರೋ ಇಬ್ಬರೋ? ಗಾಳಿ ಬೆನ್ನಿಗಿತ್ತೋ ಎದುರಿಗಿತ್ತೋ? ಗಾಡಿ ಕದಲಿದ ಮೊದಲ ಅಡಿಯನ್ನು ಕೆಲವರು ಲೆಕ್ಕಕ್ಕೇ ಹಿಡಿಯುವುದಿಲ್ಲವೆಂದು ಓದಿದಾಗ ನನಗೆ ನಿಜಕ್ಕೂ ಬೇಸರವಾಗಿತ್ತು. ನಿಂತದ್ದು ಚಲಿಸಲು ಮನಸ್ಸು ಮಾಡುವುದು ಆ ಮೊದಲ ಅಡಿಯಲ್ಲೇ ಅಲ್ಲವೇ?

ಈ ಅನುಮಾನ ಹಟ್ಟಿಕೇರಿಯ ನಮ್ಮ ಮನೆಯೊಳಗೆ ವಾದವಾಗಿ ಬೆಳೆದದ್ದು ಕಳೆದ ಚಳಿಗಾಲದಲ್ಲಿ. ನನ್ನ ಮಗಳು ಕಾರವಾರದಲ್ಲಿ ಡ್ರೈವಿಂಗ್ ಕಲಿಸುತ್ತಾಳೆ. ಬಹುಕಾಲ ಕಲಿಯುವವರ ಹೆದರಿಕೆಯ ಪಕ್ಕದಲ್ಲಿ, ತನ್ನ ಬದಿಯ ಬ್ರೇಕಿನ ಮೇಲೆ ಎಡಗಾಲಿಟ್ಟು ಕುಳಿತವಳು. ಅವಳು ಮೊದಲ ಬಾರಿಗೆ ತನಗೆಂದು ಒಂದು ಕಾರನ್ನು ಬಯಸಿದ್ದಳು. ಪತ್ರಿಕೆಗಳು ಬರೆದಿದ್ದ ಆ ಕಾರೇ; ಅರ್ಗಾದ ನೌಕಾನೆಲೆಯಿಂದ ವರ್ಗವಾಗಿ ಹೊರಟಿದ್ದ ಅಧಿಕಾರಿಯೊಬ್ಬರ ಕೂಪೆ ಅದು. ಎರಡೇ ಬಾಗಿಲು, ತಗ್ಗಿದ ಮೈ, ಹಿಂದಿನ ಚಕ್ರಗಳ ಓಟ. ನೋಡಿ ನಿರ್ಧರಿಸಲೆಂದು ಅವರು ಒಂದು ಬೆಳಗಿನ ಮಟ್ಟಿಗೆ ಅದನ್ನು ಅವಳ ಕೈಗೆ ಕೊಟ್ಟಿದ್ದರು. ಮಧ್ಯಾಹ್ನ ಗೋವೆಯಿಂದ ಇನ್ನೊಬ್ಬ ಗಿರಾಕಿ ಬರುವವನಿದ್ದ.

“ನೀವು ಬೇಡ ಅಂದ್ರೆ ನಾ ತಕಣೂದಿಲ್ಲ ಅಪ್ಪಾ,” ಎಂದಳು ಮಗಳು. “ಆದ್ರೆ ಪೇಪರ್ ನೋಡಿ ಬೇಡ ಅನ್ಬೇಡಿ.”

“ಪೇಪರ್ ನಂಬೂದಿಲ್ಲ ಅಂತ್ಲೇ ನಾ ಹೇಳೂದು. ನಾವೇ ಅಳಿಯುವಾ.”

“ಹೈವೇಲಿ ಅಳಿಯೂಕೆ ಹೋದ್ರೆ ಪೊಲೀಸ್ರು ನಮ್ಮನ್ನ ಅಳೀತ್ರು.”

“ಹೈವೇ ಯಾಕೆ? ಇಳಿತದ ಹೊತ್ತಿಗೆ ಸಮುದ್ರದ ಬದಿ ಇಲ್ವಾ?”

ಅಂಗಳದಲ್ಲಿ ಒಣಮೀನು ಹರವುತ್ತಿದ್ದ ನನ್ನ ಹೆಂಡತಿ ತಲೆಯೆತ್ತದೆ ಹೇಳಿದಳು: “ಇಬ್ರೂ ಹೋಗಿ ಬನ್ನಿ. ಬರುವಾಗ ಆ ಗಾಡಿಲೇ ಬನ್ನಿ, ಅಷ್ಟು ಸಾಕು.”

ನಾವು ತೀರಕ್ಕೆ ಹೋದಾಗ ಮಂಜು ಇನ್ನೂ ಹರಿದಿರಲಿಲ್ಲ. ಸಮುದ್ರ ಎಲ್ಲಿ ಮುಗಿಯುತ್ತದೆ, ಆಕಾಶ ಎಲ್ಲಿ ತೊಡಗುತ್ತದೆ ಎಂಬುದು ಕಾಣುತ್ತಿರಲಿಲ್ಲ. ದೂರದ ನಡುಗಡ್ಡೆಗಳು ಯಾವುದಕ್ಕೂ ಅಂಟದೆ ತೇಲುತ್ತಿದ್ದವು. ನೀರು ಹಿಂದೆ ಸರಿದಿದ್ದ ಮರಳು ಕನ್ನಡಿಯಂತೆ ಮಿನುಗುತ್ತ, ಕಾರಿನ ಬೆಳ್ಳಿಬಣ್ಣವನ್ನು ತನ್ನೊಳಗೆ ಎಳೆದುಕೊಂಡಿತ್ತು. ನಾನು ಚಪ್ಪಲಿ ಬಿಚ್ಚಿ ಹಿಮ್ಮಡಿಯೂರಿ ನೋಡಿದೆ. ತಲೆಯ ಮೇಲೆ ಹೊರೆ ಹೊತ್ತು ತೀರದುದ್ದಕ್ಕೆ ನಡೆಯುವ ನಮ್ಮ ಕಡೆಯವರು ದಾರಿ ಆರಿಸುವುದು ಹೀಗೆಯೇ: ಹಿಮ್ಮಡಿ ಹುಗಿಯದಿದ್ದರೆ ಮರಳು ಗಟ್ಟಿ. ಹುಗಿಯಲಿಲ್ಲ. ನಾನು ಕೈಗಡಿಯಾರ ಹಿಡಿದು ಪಕ್ಕದ ಸೀಟಿನಲ್ಲಿ ಕುಳಿತೆ.

ಅವಳು ಪೆಡಲನ್ನು ಒತ್ತಿದಳು. ಒಂದು ಗಳಿಗೆ ಎಲ್ಲವೂ ಹಗುರಾಯಿತು. ಗಾಜಿನಾಚೆ ಬಿಳುಪಲ್ಲದೆ ಮತ್ತೇನಿರಲಿಲ್ಲ. ಎಂಜಿನ್ನಿನ ದನಿ ಏರುತ್ತಲೇ ಇತ್ತು, ನಾವು ಬಹಳ ದೂರ ಹೋಗುತ್ತಿದ್ದೇವೆಂದೇ ನನಗೆ ಅನ್ನಿಸಿತ್ತು. ಮಗಳು ಮೆಲ್ಲಗೆ, “ಅಪ್ಪಾ, ನಾವು ಇಲ್ಲೇ ಇದ್ದೇವೆ,” ಎಂದಳು.

ಹೊರಡುವಾಗ ಕಾರಿನ ಭಾರ ಹಿಂದಕ್ಕೆ ವಾಲುತ್ತದೆ, ಹಿಂದಿನಿಂದ ಓಡುವ ಗಾಡಿಗೆ ಅದೇ ಹಿಡಿತ ಎಂದು ನಾನೇ ಅವಳಿಗೆ ಓದಿ ಹೇಳಿದ್ದೆ. ಡಾಂಬರಿನ ಮೇಲೆ ಅದು ನಿಜವಿರಬಹುದು. ಇಲ್ಲಿ ಆ ಭಾರವೇ ಚಕ್ರಗಳನ್ನು ಮರಳಿನೊಳಗೆ ಅದುಮಿತ್ತು. ಹಿಮ್ಮಡಿ ಹೇಳಿದ್ದು ಮನುಷ್ಯನ ಭಾರದ ಸುದ್ದಿ. ಅದನ್ನು ನಾನು ಕಾರಿಗೂ ನಂಬಿದ್ದೆ. ಇಳಿದು ನೋಡಿದರೆ ಹಿಂಭಾಗ ನೆಲಕ್ಕೆ ಕೂತಿತ್ತು, ಭರತ ತಿರುಗಿ ನೀರು ದಡದತ್ತ ಏರತೊಡಗಿತ್ತು.

“ನಮ್ದಲ್ಲದ ಕಾರು,” ಎಂದಳು.

ಸ್ವಲ್ಪ ದೂರದಲ್ಲಿ ರಂಪಣಿ ಬಲೆಯವರು ಇದ್ದರು. ದೋಣಿಯಿಂದ ಸಮುದ್ರದಲ್ಲಿ ಅರ್ಧ ಸುತ್ತು ಹಾಕಿದ ಬಲೆಯನ್ನು ದಡದಿಂದ ಎರಡೂ ತುದಿ ಹಿಡಿದು ಎಳೆದು ಮುಗಿಸಿ, ಹಗ್ಗ ಸುತ್ತುತ್ತಿದ್ದರು. ಮಗಳು ಓಡಿಹೋಗಿ ಕರೆತಂದಳು. ಅವರ ಮುಂದಾಳು, ನನಗಿಂತ ಕಿರಿಯ ತಾಂಡೇಲ, ಕಾರನ್ನು ಸುತ್ತುಹಾಕಿ ನೋಡಿದ.

“ಎಂತಾ ಬಲೆ ಹಾಕೂಕೆ ಬಂದದ್ದು ಕಾಕಾ?”

“ವೇಗ ಅಳಿಯೂಕೆ.”

“ಸಿಕ್ತಾ?”

ಯಾರೂ ಜೋರಾಗಿ ನಗಲಿಲ್ಲ. ಅದು ಅವರ ದೊಡ್ಡಗುಣ. ಟೈರಿನ ಗಾಳಿ ಇಳಿಸಿ, ಹಿಂಬದಿಯ ಕೊಂಡಿಗೆ ಹಗ್ಗ ಬಿಗಿದು, ಬಂದ ದಾರಿಯಲ್ಲೇ ಹಿಂದಕ್ಕೆ ಎಳೆದರು. ಮೀನು ಹೊರಲು ಬಂದ ಹೆಂಗಸರೂ ಕೈಹಚ್ಚಿದರು, ನಾನೂ ಹಚ್ಚಿದೆ. ಒದ್ದೆ ಹಗ್ಗ ಅಂಗೈಯಲ್ಲಿ ಬಿಸಿಯಾಯಿತು. ಎಲ್ಲರ ಉಸಿರು ಒಂದಾದಾಗ ಕಾರು ನಿದ್ದೆಯಿಂದ ಏಳುವಂತೆ ಮೈಮುರಿದು ಕದಲಿತು. ನೀರು ಕಿಟಕಿಯವರೆಗೆ ಬಂದಿತ್ತೆಂದು ಕಿನ್ನರ ಊರಿನ ನೆಂಟರ ಮನೆಯಲ್ಲಿ ಈಚೆಗೆ ಕೇಳಿದೆ. ಅದು ಸುಳ್ಳು. ಒಂದು ನೊರೆ ಟೈರಿಗೆ ತಾಗಿ ಹಿಂದೆ ಹೋಯಿತು, ಅಷ್ಟೇ.

ಗಟ್ಟಿ ನೆಲಕ್ಕೆ ಬಂದ ಮೇಲೆ ತಾಂಡೇಲ ಹಗ್ಗ ಬಿಚ್ಚುತ್ತ ಹೇಳಿದ: “ರಂಪಣಿ ಹಗ್ಗಕ್ಕೆ ಕೈಹಚ್ಚಿದವ್ರಿಗೆಲ್ಲ ಪಾಲು. ಇದನ್ನ ಹೆಂಗೆ ಹಂಚ್ತಿ ತಂಗಿ?”

“ಗಾಳಿ ತುಂಬಿಸ್ಕೊಂಡು ಬತ್ತೆ. ಎಲ್ರಿಗೂ ಒಂದೊಂದು ಸುತ್ತು.”

“ನಂಗೆ ಮುಂದಿನ ಸೀಟು,” ಎಂದಳು ಬುಟ್ಟಿಯ ಹೆಂಗಸೊಬ್ಬಳು. “ಹಿಂದೆ ಹೋಗೂಕೆ ನಾ ಎಂತಾ ಬಂಗಡೆ ಮೀನಾ?”

ತೀರದ ಡಾಂಬರು ರಸ್ತೆಯಲ್ಲಿ ಕಾರು ಹೋಗಿ ಬರುತ್ತಲೇ ಇತ್ತು; ಒಳಗಿನ ನಗು ಮೊದಲು ಬಂದು, ಕಾರು ಆಮೇಲೆ ಮಂಜಿನಿಂದ ಹೊರಬರುತ್ತಿತ್ತು. ಕೊನೆಗೆ ತಾಂಡೇಲ ನನ್ನತ್ತ ತಿರುಗಿದ.

“ಇನ್ನು ನಿಮ್ಮ ಪಾಲು.”

“ನಾನು ನನ್ನ ಗರಜಿಗೆ ಎಳೆದದ್ದು ಮಾರಾಯಾ.”

“ನಾವೇನು ಚಂದಕ್ಕೆ ಎಳೀತೇವಾ? ಪಾಲು ಬಿಟ್ಟು ಹೋದ್ರೆ ನಾಳೆ ಬಲೆ ಬರಿದು ಬತ್ತದೆ. ಹತ್ತಿ.”

ಆ ಮಾತಿಗೆ ಆಧಾರ ಕೇಳಬಹುದಿತ್ತು. ಹಗ್ಗ ಉಜ್ಜಿ ಕೆಂಪಾದ ಅವನ ಅಂಗೈ ಕಂಡು ಹತ್ತಿದೆ.

ಮಗಳು ಅರ್ಗಾದ ಕಡೆಗೆ ತಿರುಗಿಸಿದಳು. ಮಂಜು ಒಡೆದು ಬಿಸಿಲು ಬಿದ್ದಿತ್ತು. ಖಾಲಿಯಾದ ತಿರುವೊಂದರಲ್ಲಿ ಅವಳು ವೇಗ ಕೊಟ್ಟಾಗ ಮುಂದಿನ ಚಕ್ರಗಳು ದಾರಿ ನೋಡಿಕೊಂಡವು, ಹಿಂದಿನವು ಸೊಂಟಕ್ಕೆ ಅಂಗೈಯಿಟ್ಟವರಂತೆ ನಮ್ಮನ್ನು ಮೆಲ್ಲಗೆ ನೂಕಿದವು. ಕೆಳಗೆ ಸಮುದ್ರ ವಾಲಿ ಮತ್ತೆ ನೇರವಾಯಿತು. ಗಡಿಯಾರ ಕೈಯಲ್ಲೇ ಇತ್ತು. ಅವಳ ಎಡಗಾಲು ಮೊದಲ ಬಾರಿಗೆ ಯಾವ ಬ್ರೇಕನ್ನೂ ಕಾಯದೆ ಸುಮ್ಮನೆ ಮಲಗಿದ್ದನ್ನು ನೋಡುತ್ತ ನಾನು ಅಳೆಯಲಿಲ್ಲ.

ಅಧಿಕಾರಿಯ ಮನೆಯ ಮುಂದೆ ಅವಳು ಎಂಜಿನ್ ನಿಲ್ಲಿಸಿದಳು, ಇಳಿಯಲಿಲ್ಲ.

“ಎಂತಾ ಹೇಳ್ತ್ರಿ?”

“ಏಳೋ ಎಂಟೋ ನಂಗೆ ಈಗ್ಲೂ ಗೊತ್ತಿಲ್ಲ. ಪೇಪರಿನ ಆ ಟರ್ಬೊ ಕಾರು ಇದಕ್ಕಿಂತ ಮುಂದೆ ಹೋದ್ರೂ ಹೋಗ್ಬಹುದು.”

“ಅಂದ್ರೆ?”

“ತಕೋ. ಮರಳಿನ ಸಂಗತಿ ಅವ್ರಿಗೆ ಮೊದ್ಲೇ ಹೇಳು.”

“ಯಾರು ಇಳಿಸಿದ್ದು ಅಂತ ಕೇಳಿದ್ರೆ?”

“ಹೇಳೂಕೆ ನಾನೇ ಬರ್ತೆ,” ಎಂದು ಬಾಗಿಲು ತೆರೆದೆ. ತಗ್ಗಿದ ಸೀಟಿನಿಂದ ಏಳಲು ನನಗಾಗಲಿಲ್ಲ. ಅವಳು ಸುತ್ತಿ ಬಂದು ಕೈಕೊಟ್ಟು ಎಳೆದಳು.