ಬಿಡ್ತು ಅನ್ನು

ಅಕ್ಕನಿಗೆ ಮೊದಲು ನೆತ್ತಿಗೆ ಹತ್ತಿದ್ದು ತಿಳಿಸಾರು. ಚಾಮರಾಜಪೇಟೆಯ ವಠಾರದ ಮನೆಯಲ್ಲಿ ಭಾನುವಾರದ ಊಟ. ದೊಡ್ಡಮ್ಮ ಎಡಗೈಯಿಂದ ಅವಳ ನೆತ್ತಿ ತಟ್ಟುತ್ತಾ, "ಯಾರೋ ನೆನೆಸ್ಕೊಂಡ್ರು ಕಣೇ" ಅಂದರು. "ಇನ್ಯಾರು? ಟ್ರಂಕ್ ಕಾಲ್ ಸಿಗದೆ ಬೈತಿರೋರು" ಎಂದೆ ನಾನು. ಅಕ್ಕ ಕೆಮ್ಮುತ್ತಲೇ ನಕ್ಕಳು.

ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಎಪ್ಪತ್ತರ ದಶಕದ ಕೊನೆ. ಪರವೂರಿಗೆ ಮಾತಾಡಬೇಕೆಂದರೆ ಕಾಲ್ ಬುಕ್ ಮಾಡಿ ಕಾಯುತ್ತಾ ಕೂರುವ ಕಾಲ. ಅಕ್ಕನ ಧ್ವನಿ ಎಷ್ಟು ಚೆನ್ನಾಗಿತ್ತೆಂದರೆ ಕಾದು ಕಾದು ರೇಗಿದವರೂ ಅವಳು ಮಾತಾಡಿದ ಮೇಲೆ ತಣ್ಣಗಾಗುತ್ತಿದ್ದರಂತೆ. ಅಪ್ಪ ಅಮ್ಮ ಬೇಗ ಹೋದರು. ಮಕ್ಕಳಿಲ್ಲದ, ಗಂಡನೂ ತೀರಿಹೋಗಿದ್ದ ದೊಡ್ಡಮ್ಮ ನಮ್ಮಿಬ್ಬರನ್ನು ಸಾಕಿದರು. ಆಮೇಲೆ ಅಕ್ಕನ ಸಂಬಳ ನಮ್ಮ ಮೂವರನ್ನೂ ಸಾಕಿತು.

ಕೆಲವು ತಿಂಗಳಲ್ಲೇ ಅವಳ ಮಾತು ದಪ್ಪವಾಯಿತು, ಬಾಯಲ್ಲಿ ಬಿಸಿ ಅನ್ನ ಇಟ್ಟುಕೊಂಡು ಮಾತಾಡಿದ ಹಾಗೆ. ಆಪರೇಟರ್ ತೂಕಡಿಸುತ್ತಾಳೆಂದು ದೂರು ಹೋಯಿತು. ಆಫೀಸಿನವರು ಅವಳ ಕಿವಿಯ ಮೇಲಿನ ಹೆಡ್‌ಫೋನ್ ತೆಗೆಸಿ ಫೈಲುಗಳ ಮುಂದೆ ಕೂರಿಸಿದರು. ಕೊನೆಗೆ ನರರೋಗದ ಡಾಕ್ಟರೊಬ್ಬರು ನನ್ನನ್ನು ಹೊರಗೆ ಕರೆದು ಹೇಳಿದರು: "ಇದು ಮೋಟಾರ್ ನ್ಯೂರಾನ್ ಕಾಯಿಲೆ. ಮೊದಲು ಮಾತು ಹೋಗುತ್ತೆ, ಆಮೇಲೆ ನುಂಗೋದು, ಆಮೇಲೆ ಉಸಿರು. ಔಷಧಿ ಇಲ್ಲ. ಬುದ್ಧಿಗೇನೂ ಆಗಲ್ಲ." ಆ ಕೊನೆಯದನ್ನು ಸಮಾಧಾನವೆಂಬಂತೆ ಹೇಳಿದರು. ನನಗೆ ಅವರ ಕಾಲರ್ ಹಿಡಿಯಬೇಕೆನಿಸಿತು. "ಮಾತು ಇರೋವಾಗ್ಲೇ ಅವರಿಗೆ ಏನು ಬೇಕು, ಏನು ಬೇಡ ಕೇಳ್ಕೊಂಡ್ಬಿಡಿ. ಆಮೇಲೆ ಆಗಲ್ಲ" ಎಂದೂ ಅಂದರು.

ಹೇಳುವುದು ಸುಲಭ. ನಮ್ಮ ಮನೆಯಲ್ಲಿ ಸಾವಿನ ಮಾತು ಯಾರ ಬಾಯಿಂದ ಬಂದರೂ ದೊಡ್ಡಮ್ಮ ತಕ್ಷಣ "ಬಿಡ್ತು ಅನ್ನು" ಎನ್ನುತ್ತಿದ್ದರು. ಆಡಿದವರು "ಬಿಡ್ತು" ಎನ್ನಬೇಕು. ಅಂದರೆ ಆಡಿದ ಮಾತು ಆಡದ ಹಾಗೆ. ಚಿಕ್ಕಂದಿನಲ್ಲಿ "ಹಸಿವಿಂದ ಸಾಯ್ತಿದೀನಿ" ಎಂದರೂ ಬಿಡ್ತು ಅನ್ನದೆ ತಟ್ಟೆಗೆ ಅನ್ನ ಬೀಳುತ್ತಿರಲಿಲ್ಲ.

ಡಾಕ್ಟರು ಹೇಳಿದ್ದನ್ನೆಲ್ಲ ನನ್ನಿಂದ ಹೊರಡಿಸಿಕೊಂಡ ಅಕ್ಕ ಆ ಸಂಜೆಯೇ ತೊದಲುತ್ತಾ ಶುರುಮಾಡಿದಳು. "ದೊಡ್ಡಮ್ಮ, ನಂಗೊಂದೇ ಹೆದರಿಕೆ. ಕೊನೇಲಿ ನನ್ನ ಬಾಯಿಗೆ ಗಂಗೆ ಬಿಡಬೇಡಿ. ನೀರು ಕಂಡ್ರೇನೇ ಭಯ ಆಗುತ್ತೆ. ಮುಳುಗಿ ಸತ್ತ ಹಾಗೆ ಸಾಯೋಕೆ ನನ್ನ ಕೈಲಾಗಲ್ಲ."

ದೇವರ ಗೂಡಿನಲ್ಲಿ ಕಾಶಿಯಿಂದ ತಂದ ತಾಮ್ರದ ಗಿಂಡಿಯೊಂದಿತ್ತು, ಬಾಯಿಗೆ ಬೆಸುಗೆ ಹಾಕಿದ್ದು. ಅಂಥದೇ ಗಿಂಡಿಗಳಿಂದ ದೊಡ್ಡಪ್ಪನಿಗೆ, ಅಪ್ಪನಿಗೆ, ಅಮ್ಮನಿಗೆ ಕೊನೆಯ ಗುಟುಕು ಬಿಟ್ಟಿದ್ದವರು ದೊಡ್ಡಮ್ಮನೇ.

"ಬಿಡ್ತು ಅನ್ನು" ಎಂದರು.

ಅಕ್ಕ ನನ್ನ ಕಡೆ ನೋಡಿದಳು.

"ಬಿಡ್ತು ಅನ್ನೇ!" ದೊಡ್ಡಮ್ಮ ಗದರಿದರು. ಅಕ್ಕ "ಬಿಡ್ತು" ಎಂದಳು. ಆಮೇಲೂ ಅವಳು ಆ ಮಾತು ಎತ್ತಿದಾಗಲೆಲ್ಲ ಹೀಗೇ ಆಯಿತು.

ಮಾತು ಪೂರ್ತಿ ನಿಂತ ಮೇಲೆ ಸ್ಲೇಟಿನಲ್ಲಿ ಬರೆದಳು. ದೊಡ್ಡಮ್ಮನಿಗೆ ಓದು ಬಾರದು. ನಾನು ಓದಿದರೆ ಕಿವಿ ಮುಚ್ಚಿಕೊಂಡರು. ನಂತರ ಬೆರಳುಗಳೂ ಹೋದವು. ಕಣ್ಣು ಉಳಿಯಿತು: ಹೌದೆಂದರೆ ರೆಪ್ಪೆ ಮುಚ್ಚುವುದು, ಬೇಡವೆಂದರೆ ಗೋಡೆಯ ಕಡೆ ನೋಡುವುದು. ನೋಡಲು ಬಂದ ನೆಂಟರು ಒಬ್ಬೊಬ್ಬರೂ ಒಂದೊಂದು ವೈದ್ಯ ಹೇಳಿದರು. ಎನ್.ಆರ್. ಕಾಲೋನಿಯ ಚಿಕ್ಕಮ್ಮ ಬಜೆ ತೇಯ್ದು ನಾಲಿಗೆಗೆ ಹಚ್ಚಲು ಬಂದರು, ಕೂಸಿಗೆ ಮಾತು ಬರಲಿ ಎಂದು ಹಚ್ಚುವಂತೆ. ಅವರನ್ನು ಬಾಗಿಲವರೆಗೂ ನಾನೇ ಕಳಿಸಿಬಂದೆ, ಅಷ್ಟೇನೂ ಮರ್ಯಾದೆಯಿಂದಲ್ಲ.

"ಅವಳು ಗಂಗೆ ಬೇಡ ಅಂದಿದಾಳೆ ದೊಡ್ಡಮ್ಮ" ಎಂದೆ ಒಂದು ದಿನ.

"ಅಂದ್ಲು. ಆಮೇಲೆ ಬಿಡ್ತು ಅಂದ್ಲಲ್ಲ. ನಿನ್ನೆದುರಿಗೇ ಅಂದ್ಲು."

ಅವರು ಮೋಸ ಮಾಡುತ್ತಿರಲಿಲ್ಲ. ನಿಜವಾಗಿಯೂ ಹಾಗೆಂದು ನಂಬಿದ್ದರು. "ಬಾಯಿಗೆ ಗಂಗೆ ಇಲ್ದೆ ಕಳಿಸ್ಲಾ ನನ್ನ ಕೂಸನ್ನ?" ಎಂದು ಅತ್ತರು. ಹಾಗಾದರೆ ಅವಳನ್ನೇ ಕೇಳಿ ಎಂದರೆ ಅದನ್ನು ಕೇಳುವುದೂ ಅಪಶಕುನ. ನಾನು ಕೇಳಿದೆ. ಅಕ್ಕ ಗೋಡೆ ನೋಡಿದಳು. "ನೀನು ಕಲಿಸಿದ್ದು" ಎಂದರು ದೊಡ್ಡಮ್ಮ.

ಹೀಗೆ ಜಗಳವಾಡಿದ ಅದೇ ದೊಡ್ಡಮ್ಮ ದಿನವೂ ರಾಗಿ ಗಂಜಿ ಗಟ್ಟಿಯಾಗಿ ಕಾಯಿಸಿ, ಹೊತ್ತು ಮೀರಿದರೂ ಬೇಸರಿಸದೆ ಚಮಚದಲ್ಲಿ ತಿನ್ನಿಸುತ್ತಿದ್ದರು. ಗಂಜಿ ಹೇಗೋ ಇಳಿಯುತ್ತಿತ್ತು. ನೀರು ಒಂದು ತೊಟ್ಟು ಜಾರಿದರೂ ಅಕ್ಕನ ಮುಖ ನೀಲಿಯಾಗುತ್ತಿತ್ತು. ದೊಡ್ಡಮ್ಮ ನೆತ್ತಿ ತಟ್ಟುತ್ತಿದ್ದರು. ಯಾರೋ ನೆನೆಸಿಕೊಂಡರು ಎನ್ನುವುದನ್ನು ಮಾತ್ರ ನಿಲ್ಲಿಸಿದ್ದರು. ಇದರಲ್ಲಿ ಎಲ್ಲೂ ಒಂದು ಒಳ್ಳೆಯ ದಿನ ಇತ್ತೆಂದು ನನಗೆ ನೆನಪಿಲ್ಲ.

ಬೇಸಿಗೆಯ ಒಂದು ಬೆಳಿಗ್ಗೆ ಪಕ್ಕದ ರಸ್ತೆಯ ಡಾಕ್ಟರು ಬಂದು ನಾಡಿ ನೋಡಿ, ಸಂಜೆವರೆಗೂ ಕಷ್ಟ ಎಂದು ಹೋದರು. ದೊಡ್ಡಮ್ಮ ತಲೆಗೆ ನೀರು ಹಾಕಿಕೊಂಡು ಬಂದು, ಈಳಿಗೆಯ ತುದಿಯಿಂದ ಗಿಂಡಿಯ ಬೆಸುಗೆ ಕಿತ್ತು, ಪೂಜೆಯ ಪುಟ್ಟ ಚಮಚ ಉದ್ಧರಣೆಯಲ್ಲಿ ನೀರು ತುಂಬಿ ಅಕ್ಕನ ತಲೆಯ ಬಳಿ ಕೂತರು. ನಾನು ಅವರ ಮಣಿಕಟ್ಟು ಹಿಡಿದೆ. ಹುಟ್ಟಿದಾಗಿನಿಂದ ಅವರ ಮೇಲೆ ಹಾಗೆ ಕೈಮಾಡಿರಲಿಲ್ಲ.

"ಒಂದ್ಸಲ ಕೇಳಿ ದೊಡ್ಡಮ್ಮ. ನೀವೇ ಕೇಳಿ."

ಅವರು ಇನ್ನೊಂದು ಕೈಯಿಂದ ಅಕ್ಕನ ಹಣೆಯ ಕೂದಲು ಸರಿಸಿದರು. ಆಮೇಲೆ ಬಗ್ಗಿ, "ಬೇಡ್ವೇನೇ ಕೂಸೇ?" ಎಂದರು.

ಅಕ್ಕ ಅವರನ್ನೇ ನೋಡಿದಳು. ಪಾಪ ಅನ್ನಿಸಿರಬೇಕು, ಅಷ್ಟು ಹೊತ್ತು ನೋಡಿದಳು. ಆಮೇಲೆ ಕಣ್ಣುಗಳು ನಿಧಾನವಾಗಿ ಗೋಡೆಗೆ ಹೊರಳಿದವು.

"ಬಿಡ್ತು ಅನ್ನು" ಎಂದರು ದೊಡ್ಡಮ್ಮ, ಅಭ್ಯಾಸಬಲದಿಂದ. ಅಂದವರೇ ಬಾಯಿ ಮುಚ್ಚಿಕೊಂಡರು. ಅದನ್ನು ಅನ್ನಲು ಅಕ್ಕನಿಗೆ ಈಗ ನಾಲಿಗೆ ಇರಲಿಲ್ಲ.

ಅವರು ಬಾಯಿಗೆ ನೀರು ಬಿಡಲಿಲ್ಲ. ಉದ್ಧರಣೆ ಹಿಡಿದ ಕೈ ಸೋತು, ಅರ್ಧ ನೀರು ಸೀರೆಯ ಮೇಲೆ ಚೆಲ್ಲಿದರೂ ಹಾಗೇ ಕೂತಿದ್ದರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಅಕ್ಕನ ಉಸಿರು ನಿಂತಿತು. ನಾನು ಮೂಗಿನ ಬಳಿ ಬೆರಳಿಟ್ಟು ನೋಡಿ, ದೊಡ್ಡಮ್ಮನ ಮಣಿಕಟ್ಟು ಬಿಟ್ಟೆ.

"ಈಗ ಬಿಡಿ ದೊಡ್ಡಮ್ಮ. ಇನ್ನು ನೆತ್ತಿಗೆ ಹತ್ತಲ್ಲ."

ಅವರು ಬಿಟ್ಟರು. ನೀರು ಕಟಬಾಯಿಂದ ಇಳಿದು ದಿಂಬನ್ನು ಒದ್ದೆ ಮಾಡಿತು. ದೊಡ್ಡಮ್ಮನ ಎಡಗೈ ತಾನಾಗಿಯೇ ಮೇಲೆದ್ದು ಅಕ್ಕನ ನೆತ್ತಿ ತಟ್ಟತೊಡಗಿತು.