ಮಾವಶಿಯ ಭೈರವಿ

ಹುನಗುಂದದವರಿಗೆ ನನ್ನ ಮಾವಶಿ, ಅಂದರೆ ತಾಯಿಯ ತಂಗಿ, ಮಥುರಾಬಾಯಿ ಎಂದರೆ ಒಂದನೇ ಇಯತ್ತೆಗೆ ಮಗ್ಗಿ ಕಲಿಸುವ ಬಾಯಾರು, ಅಷ್ಟೇ. ಇಳಕಲ್ಲಿನ ಉಸ್ತಾದ್ ಜಲಾಲುದ್ದೀನರ ಮೊದಲ ಶಿಷ್ಯೆ ಈಕೆಯೇ ಎಂದರೆ ಹೊಸಬರು ನಗುತ್ತಿದ್ದರು. ನಕ್ಕವರ ಮೇಲೆ ನನಗೆ ಈಗಲೂ ಸಿಟ್ಟಿದೆ. ರವಿವಾರ ಬಂತೆಂದರೆ ಬಸ್ಸು ಹತ್ತಿ ಹೋಗಿ, ಉಸ್ತಾದರ ಮನೆಯ ಮಗ್ಗದ ಪಕ್ಕ ಕೂತು ಖಯಾಲು ಹಾಡಲು ಕಲಿತವಳು ಆಕೆ. "ಸಾಬರ ಮನಿಯೊಳಗ ನಮ್ಮ ಹೆಣ್ಣುಮಗಳು ಹಾಡೂದಂದ್ರೇನು?" ಎಂದ ನೆಂಟರಿಷ್ಟರಿಗೆ ಸೊಪ್ಪು ಹಾಕಲಿಲ್ಲ.

ಉಸ್ತಾದರು ತೀರಿಕೊಳ್ಳುವ ಮುಂಚೆ ಆಕೆಯನ್ನು ಕರೆಸಿ, "ಬೇಟಿ, ನನ್ನ ನೆನಪಿಗೆ ಬೈಠಕ್ ಮಾಡಿದ್ರ ಭೈರವಿ ನೀನ ಹಾಡಬೇಕು" ಎಂದಿದ್ದರು. ಭೈರವಿ ರಾಗ ಹಾಡಿದರೆ ಹಾಡಿನ ಬೈಠಕ್ ಮುಗಿದ ಹಾಗೆ. ಆಮೇಲೆ ಎಂಥ ದೊಡ್ಡ ಗವಾಯಿಯೂ ಬಾಯಿ ತೆರೆಯುವಂತಿಲ್ಲ. ಅದಕ್ಕೇ ಅದು ಹಿರಿಯ ಶಿಷ್ಯರ ಪಾಲಿನ ಮಾನ. ಅವರು ಹೋದ ಮೇಲೆ ಇಳಕಲ್ಲಿನಲ್ಲಿ ನಡೆಯುವ ಬೈಠಕ್ಕಿನಲ್ಲಿ ವರ್ಷ ವರ್ಷವೂ ಮಾವಶಿಯೇ ಭೈರವಿ ಹಾಡುತ್ತಿದ್ದಳು.

ಎಪ್ಪತ್ತೊಂಬತ್ತನೇ ಇಸವಿಯ ಬೈಠಕ್ಕಿಗೆ ಪಂಢರೀನಾಥ ಬಂದ. ಅವನೂ ಉಸ್ತಾದರ ಶಿಷ್ಯನೇ, ಮಾವಶಿಗಿಂತ ಕಿರಿಯ. ಆದರೆ ಆಗಲೇ ರೇಡಿಯೋದಲ್ಲಿ ಹಾಡಿ ಹೆಸರಾಗಿದ್ದ. ಬೈಠಕ್ ಏರ್ಪಡಿಸಿದ್ದ ಗುರಲಿಂಗಪ್ಪನವರನ್ನು ಹಿಡಿಯುವವರೇ ಇರಲಿಲ್ಲ.

"ಬಾಯಾರ, ನೀವು ಮೊದ್ಲ ಸ್ವಲ್ಪ ಹಾಡಿಬಿಡ್ರಿ. ಭೈರವಿ ಪಂಢರೀನಾಥ ಪಂಡಿತರು ಹಾಡ್ತಾರ" ಎಂದರು ಮಾವಶಿಗೆ.

"ಆಗ್ಲಿರಿ" ಎಂದಳು ಮಾವಶಿ. ನನಗೆ ಮೈಯೆಲ್ಲ ಉರಿಯಿತು.

ಆಕೆ ವೇದಿಕೆ ಹತ್ತಿ ತಂಬೂರಿಯ ಶ್ರುತಿ ನೋಡಿಕೊಂಡಳು. ಕಣ್ಣು ಮುಚ್ಚಿ ಸ್ವರ ಹಚ್ಚಿದಳು. ನಾಲ್ಕು ಸ್ವರ ಕೇಳಿದ್ದೇ ತಡ, ಮುಂದೆ ಕೂತಿದ್ದ ನೇಕಾರರು ಮುಖ ಮುಖ ನೋಡಿಕೊಂಡರು. ಭೈರವಿ! ಹಾಡಿದಳು ನೋಡಿ, ಯಾರಿಗೂ ಹೆದರದೆ, ಅವಸರವಿಲ್ಲದೆ. ಅಂಥ ಭೈರವಿಯನ್ನು ನಾನು ಮತ್ತೆ ಕೇಳಿಲ್ಲ.

ಹಾಡು ಮುಗಿದಾಗ ಗುರಲಿಂಗಪ್ಪನವರು ಇಂಗು ತಿಂದ ಮಂಗನಂತಾಗಿದ್ದರು. ಪಂಢರೀನಾಥನ ಹಾಡಿಗೆಂದೇ ಬಾದಾಮಿ, ಬಾಗಲಕೋಟೆಯಿಂದ ಬಂದವರು ಗೊಣಗತೊಡಗಿದರು.

"ನೀವು ಹಾಡ್ರಿ ಪಂಡಿತರ. ಈಗಿನ ಕಾಲದಾಗ ಇದನ್ನೆಲ್ಲಾ ಯಾರು ನೋಡ್ತಾರ?" ಎಂದರು ಗುರಲಿಂಗಪ್ಪನವರು.

ಅವನು ಹಾಡಿದರೆ ಮಾವಶಿಯ ಭೈರವಿಗೂ ಉಸ್ತಾದರ ಮಾತಿಗೂ ಬೆಲೆಯೇ ಉಳಿಯುತ್ತಿರಲಿಲ್ಲ. ಆಕೆ ಸೆರಗಿನ ಅಂಚು ಬಿಗಿಹಿಡಿದು ತಲೆ ತಗ್ಗಿಸಿ ಕೂತಿದ್ದಳು.

ಪಂಢರೀನಾಥ ಎದ್ದ. ವೇದಿಕೆ ಹತ್ತಿ ಆಕೆಯ ಕಾಲು ಮುಟ್ಟಿ ನಮಸ್ಕರಿಸಿದ.

"ಅಕ್ಕಾರು ಭೈರವಿ ಹಾಡ್ಯಾರ. ಉಸ್ತಾದರ ಬೈಠಕ್ ಮುಗೀತ್ರಿ" ಎಂದು ಸಭೆಗೆ ಕೈ ಮುಗಿದು, ತಾನೇ ಕೂತು ತಂಬೂರಿಗೆ ಗವಸು ತೊಡಿಸತೊಡಗಿದ.