ಮುಚ್ಚಿದ ಲಾರಿಯಲ್ಲಿ ನಿಮ್ಮಜ್ಜನ ಕಾರು

ನಿಮ್ಮ ಅಜ್ಜ ತೀರಿಕೊಂಡ ಮೇಲೆ ಖಾನಾಪುರದ ಬಾಡಿಗೆ ಮನೆ ಬಿಡಬೇಕಾಯಿತು. ಪಾತ್ರೆ, ಹಾಸಿಗೆ, ಕಾಳಿನ ಡಬ್ಬಿ ಎಲ್ಲ ಸೇರಿ ಒಂದು ಚಕ್ಕಡಿಗೆ ಸಾಲುವಷ್ಟು ಇದ್ದವು. ಅವುಗಳ ಚಿಂತೆ ಯಾರಿಗೂ ಇರಲಿಲ್ಲ. ಚಿಂತೆ ಇದ್ದದ್ದು ಹಿತ್ತಲಲ್ಲಿ ತಗಡಿನ ಚಪ್ಪರದ ಕೆಳಗೆ ನಿಂತಿದ್ದ ಕಾರಿನದು.

ಅದು ಎಪ್ಪತ್ತರ ದಶಕದ ಕೊನೆಯ ಮಾತು. ಅಜ್ಜ ಹಂಚಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಬೆಳಗಾವಿ ಕ್ಯಾಂಪಿನ ಹಳೆಯ ಬಂಗಲೆಯೊಂದರ ಹಿಂದೆ ಹುಲ್ಲು ಬೆಳೆದು ನಿಂತಿದ್ದ ವಿಲಾಯತಿ ಕಾರನ್ನು ಅವರು ತಂದಿದ್ದರು. ತಂದ ದಿನ ಅದರ ಸೀಟಿನೊಳಗೆ ಇಲಿ ಮರಿ ಹಾಕಿತ್ತು. ಕೆಲಸದಿಂದ ಬಂದು ಚಹಾ ಕುಡಿದು ಅಜ್ಜ ಅದರ ಕೆಳಗೆ ಹೋಗಿ ಮಲಗುತ್ತಿದ್ದರು. ನಾನು ಮೇಲೆ ಸ್ಟೇರಿಂಗ್ ಮುಂದೆ ಕೂಡಬೇಕು. ಬ್ರೇಕಿನ ಎಣ್ಣೆಯ ಕೊಳವೆಯಲ್ಲಿ ಗಾಳಿ ಸೇರಿಕೊಂಡರೆ ಅದನ್ನು ಹೊರಗೆ ಹಾಕಲು ಇಬ್ಬರು ಬೇಕು. ಒಬ್ಬರು ಮೇಲಿನಿಂದ ಪೆಡಲು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕೆಳಗೆ ತಿರುಪು ಸಡಿಲಿಸಬೇಕು. "ಒತ್ತು" ಅನ್ನುವರು. "ಹಿಡಿ" ಅನ್ನುವರು. "ಬಿಡು" ಅನ್ನುವರು. ನಮ್ಮ ಸಂಸಾರದಲ್ಲಿ ಆಡಿದ ಮಾತುಗಳಲ್ಲಿ ಅರ್ಧಕ್ಕರ್ಧ ಈ ಮೂರೇ ಇರಬಹುದು. ನನಗೆ ಅದರಿಂದ ಬೇಸರ ಇರಲಿಲ್ಲ. ನಾನು ಬೀಡಿ ಎಂಬ ಹಳ್ಳಿಯ ಸಾಲೆಯಲ್ಲಿ ನಾಲ್ಕನೆಯ ಇಯತ್ತೆ ಕಲಿತವಳು. ಹೆಚ್ಚು ಮಾತು ನನಗೂ ಬರುತ್ತಿರಲಿಲ್ಲ.

ಅಜ್ಜನ ಅಣ್ಣ ಬೆಳಗಾವಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದರು. ನಾವು ಇನ್ನು ಮುಂದೆ ಅವರ ಮನೆಯಲ್ಲೇ ಇರುವುದೆಂದು ಹಿರಿಯರು ತೀರ್ಮಾನಿಸಿದರು. ಆಗಿನ ಪದ್ಧತಿಯಂತೆ ನಾನು ಭಾವನವರ ಎದುರಿಗೆ ನಿಂತು ಮಾತಾಡುತ್ತಿರಲಿಲ್ಲ. ಏನಾದರೂ ಇದ್ದರೆ ಅತ್ತೆಗೆ ಹೇಳುವುದು, ಅತ್ತೆ ಅವರಿಗೆ ಹೇಳುವುದು. ಕಾರಿನ ಮಾತನ್ನೂ ಹಾಗೆಯೇ ಅತ್ತೆಯ ಕೈಯಲ್ಲಿ ಕಳಿಸಿದೆ. ಅದನ್ನು ಗುಜರಿಗೆ ಹಾಕುವುದು ಬೇಡ, ನಮ್ಮ ಜೊತೆಗೆ ಬರಲಿ ಎಂದೆ. ಭಾವನವರಿಗೆ ಇದು ಹುಚ್ಚು ಅನಿಸಿರಬೇಕು. ಆದರೂ ತಮ್ಮನ ಕೈಯ ಕೆಲಸವೆಂದು ಅವರು ಪೂರ್ತಿ ಇಲ್ಲ ಅನ್ನಲಿಲ್ಲ. ಪಡಸಾಲೆಯಲ್ಲಿ ಕೂತು, ಒಳಗಿದ್ದ ನನಗೆ ಕೇಳಿಸುವಂತೆ ಅತ್ತೆಗೆ ಹೇಳಿದರು: "ಸಾಬೂತ ಬಂತಂದ್ರ ಹಿತ್ತಲದಾಗ ಇರಲಿ. ಮುರಕೊಂಡು ಬಂತಂದ್ರ ಅಲ್ಲಿಂದಽ ಗುಜರಿಗೆ. ಆಮ್ಯಾಲ ಯಾರೂ ಅಳೂದು ಕರಿಯೂದು ಬ್ಯಾಡ."

ಎಂಜಿನನ್ನು ಅಜ್ಜ ಬಿಚ್ಚಿ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದರು. ಅದು ಸಾಮಾನಿನ ಜೊತೆ ಮೊದಲೇ ಹೋಯಿತು. ಕಾರಿನ ಕಿಟಕಿಗಳಿಗೆ ಇನ್ನೂ ಗಾಜು ಕೂಡಿಸಿರಲಿಲ್ಲ. ಕೈಬ್ರೇಕಿನ ತಂತಿ ಹಾಕಿರಲಿಲ್ಲ. ಕಾಲಿನ ಬ್ರೇಕು ಇತ್ತು, ಆದರೆ ಎಲ್ಲೋ ಸಣ್ಣಗೆ ಸೋರುತ್ತಿತ್ತು. ಅಂಥ ಗಾಡಿಯನ್ನು ಹಗ್ಗ ಕಟ್ಟಿ ರಸ್ತೆಯ ಮೇಲೆ ಎಳೆದುಕೊಂಡು ಹೋಗಲು ಯಾರೂ ಒಪ್ಪಲಿಲ್ಲ. ಕ್ಯಾಂಪಿನ ಸಾಹೇಬರ ವರ್ಗಾವಣೆಯಾದಾಗ ಮನೆ ಸಾಮಾನು ಸಾಗಿಸುವ, ನಾಲ್ಕೂ ಕಡೆ ಹಲಗೆ ಹೊಡೆದು ಮೇಲೆ ತಗಡು ಮುಚ್ಚಿದ ಒಂದು ಲಾರಿ ಇತ್ತು. ಅದು ಲೋಂಡಾದಲ್ಲಿ ಸಾಮಾನು ಇಳಿಸಿ ನಮ್ಮೂರಿನ ಮೇಲೆ ಬೆಳಗಾವಿಗೆ ಖಾಲಿ ಮರಳುವುದಿತ್ತು. ಭಾವನವರು ಅದನ್ನೇ ಗೊತ್ತುಮಾಡಿದರು. ಕಾರಿಗೆ ಹೊಸ ಬಣ್ಣ, ಹೊಸ ಸೀಟು, ಕಿಟಕಿಗೆ ಗಾಜಿಲ್ಲ. ಮುಚ್ಚಿದ ಗಾಡಿಯೇ ಒಳ್ಳೆಯದು ಎಂದು ನನಗೂ ಸಮಾಧಾನವಾಯಿತು.

ನಿಮ್ಮ ಅವ್ವ ಆಗ ಚಿಕ್ಕವಳು. ಅವಳನ್ನು ಕರೆದುಕೊಂಡು ಅತ್ತೆ ಬೆಳಗಿನ ಬಸ್ಸಿಗೆ ಮುಂದೆ ಹೋದರು. ಮನೆಗೆ ಕೀಲಿ ಹಾಕಿ ನಾನು ಲಾರಿಯವನ ಪಕ್ಕದಲ್ಲಿ ಕೂತು ಬರುವುದೆಂದು ಮಾತಾಗಿತ್ತು.

ಖಾನಾಪುರದಲ್ಲಿ ಕಾರನ್ನು ಲಾರಿಗೆ ಏರಿಸಿ ಗೊತ್ತಿದ್ದವರು ಯಾರೂ ಇರಲಿಲ್ಲ. ಮರದ ದಿಮ್ಮಿ ಏರಿಸುವವರು ಬೇಕಾದಷ್ಟು ಇದ್ದರು. ಕಟ್ಟಿಗೆ ಅಡ್ಡೆಯಲ್ಲಿ ಅವರದೊಂದು ಮಣ್ಣಿನ ಕಟ್ಟೆ ಇತ್ತು. ಒಂದು ಕಡೆ ಇಳಿಜಾರು, ಇನ್ನೊಂದು ಕಡೆ ಕಲ್ಲು ಕಟ್ಟಿದ ನೇರ ಗೋಡೆ. ಆ ಗೋಡೆಗೆ ಲಾರಿಯ ಬೆನ್ನು ಹಚ್ಚಿ ನಿಲ್ಲಿಸಿದರೆ ಲಾರಿಯ ನೆಲ ಕಟ್ಟೆಗೆ ಸಮವಾಗುತ್ತದೆ. ಅವರನ್ನು ದುಡಿಸುವ ಮುಕಾದಮ ವಯಸ್ಸಾದ ಮರಾಠಿ ಮನುಷ್ಯ. ಕನ್ನಡವನ್ನೂ ಅಷ್ಟೇ ಚೆನ್ನಾಗಿ ಆಡುತ್ತಿದ್ದ. ಕಾರನ್ನು ನೂಕಿ ಕಟ್ಟೆಯ ಮೇಲೆ ತಂದು, ಕಟ್ಟೆಗೂ ಲಾರಿಗೂ ನಡುವೆ ಎರಡು ದಪ್ಪ ಸಾಗವಾನಿ ಹಲಗೆ ಹಾಕಿಸಿದ. ಗಾಲಿ ಹಲಗೆಯ ಮಧ್ಯಕ್ಕೇ ಬರುತ್ತದೆಯೋ ಇಲ್ಲವೋ ಎಂದು ಹಗ್ಗ ಹಿಡಿದು ಅಳೆದ. ಕಾರಿನ ಹಿಂಭಾಗಕ್ಕೆ ಹಗ್ಗ ಕಟ್ಟಿ, ಅದನ್ನು ಕಟ್ಟೆಯ ಮೇಲೆ ಹುಗಿದ ಮರದ ತುಂಡಿಗೆ ಎರಡು ಸುತ್ತು ಸುತ್ತಿಸಿದ. ಹಾಗೆ ಸುತ್ತಿದ ಹಗ್ಗವನ್ನು ಸ್ವಲ್ಪ ಸ್ವಲ್ಪವೇ ಬಿಟ್ಟರೆ ಎಂಥ ದಿಮ್ಮಿಯೂ ಓಡಿಹೋಗುವುದಿಲ್ಲ.

ಸ್ಟೇರಿಂಗ್ ಹಿಡಿಯಲು ತನ್ನ ಆಳೊಬ್ಬನನ್ನು ಕೂಡಿಸಿದ. ಅವನು ಪೆಡಲು ಒತ್ತಿದ, ಅದು ನೆಲ ಮುಟ್ಟಿತು. ಇದಕ್ಕ ಬ್ರೇಕಽ ಇಲ್ಲರೀ ಎಂದು ಇಳಿದುಬಿಟ್ಟ. ನಾನು ಗೋಡೆಯ ಹತ್ತಿರ ಸೆರಗು ಹೊದ್ದು ನಿಂತಿದ್ದೆ. ಅದನ್ನು ಸಾಲಾಗಿ ಮೂರು ಸಲ ಒತ್ತಿ, ನಾಲ್ಕನೆಯ ಸಲಕ್ಕೆ ಹಿಡಿಯಬೇಕೆಂದು ನನಗೆ ಗೊತ್ತಿತ್ತು. ಹೇಳಿದೆ. ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದಾಗ ಮುಕಾದಮ ನನ್ನ ಕಡೆ ತಿರುಗಿದ.

"ಹಂಗಾದ್ರ ನೀವಽ ಕುಂದರ್ರಿ ವೈನಿ. ನಮ್ಮ ಮಂದಿಗೆ ಎತ್ತಿನ ಬಾಲ ತಿರವೂದು ಗೊತ್ತೈತಿ, ಇದು ಗೊತ್ತಿಲ್ಲ."

ಗಂಡ ಸತ್ತು ವರ್ಷ ತುಂಬದ ಹೆಂಗಸು ಅಷ್ಟು ಗಂಡಸರ ನಡುವೆ ಕಾರಿನ ಸ್ಟೇರಿಂಗ್ ಹಿಡಿದು ಕೂಡುವುದು ಯಾವ ಊರಿನಲ್ಲಿದೆ ಎಂದು ನನಗೇ ಅನಿಸಿತು. ಆದರೆ ಬೇರೆ ಯಾರಾದರೂ ಕೂತು ಗಾಡಿಯ ಮೂತಿ ಒಡೆದರೆ ಅದು ನೇರ ಗುಜರಿಗೆ. ಹೋಗಿ ಕೂತೆ.

ಅವರು ತಮ್ಮ ರಾಗ ಹಾಕುತ್ತ ನೂಕಿದರು. ಹಲಗೆಗಳು ಕಿರ್ ಎಂದವು. ಬಿಸಿಲಿನಿಂದ ಒಮ್ಮೆಲೇ ಕತ್ತಲೆಗೆ ಹೋದೆ. ಮುಂದಿನ ಗೋಡೆ ಹತ್ತಿರ ಬಂದಾಗ ಒತ್ತಿ ಹಿಡಿದೆ. ಗೋಡೆಗೆ ಮುಟ್ಟದೆ ಒಂದು ಗೇಣು ಹಿಂದೆ ನಿಂತಿತು. ಮುಕಾದಮ ಹೊರಗಿನಿಂದ ಶಾಬಾಸ್ ಎಂದ. ಗಾಲಿಗಳ ಕೆಳಗೆ ಮರದ ಬೆಣೆ ಕೊಟ್ಟರು. ಕಾರಿನ ನೆತ್ತಿಯ ಮೇಲೆ ಅಡ್ಡ ಹಗ್ಗ ಹಾಕಿ, ಲಾರಿಯ ಕೊಂಡಿಗೆ ಕಟ್ಟಿ, ನಡುವೆ ಕೋಲು ತೂರಿಸಿ ತಿರುಗಿಸಿ ತಿರುಗಿಸಿ ಬಿಗಿದರು. ದಿಮ್ಮಿ ಕಟ್ಟುವುದು ಹೀಗೆಯೇ. ಆಗ ಯಾರಿಗೂ ಒಂದು ಮಾತು ಹೊಳೆಯಲಿಲ್ಲ. ದಿಮ್ಮಿಗೆ ಸ್ಪ್ರಿಂಗ್ ಇರುವುದಿಲ್ಲ. ಕಾರು ಸ್ಪ್ರಿಂಗಿನ ಮೇಲೆ ಕೂತಿರುತ್ತದೆ, ರಸ್ತೆ ಕುಲುಕಿದಾಗ ತಗ್ಗುತ್ತದೆ, ತಗ್ಗಿದಾಗ ಹಗ್ಗ ಸಡಿಲಾಗುತ್ತದೆ. ಕಟ್ಟಬೇಕಾದದ್ದು ಗಾಲಿಗಳನ್ನು.

ಇನ್ನೊಂದೂ ಹೊಳೆಯಲಿಲ್ಲ. ನಾನು ಇಳಿಯಲೆಂದು ಬಾಗಿಲು ತೆರೆದೆ. ಅದು ನಾಲ್ಕು ಬೆರಳು ತೆರೆದು ಲಾರಿಯ ಹಲಗೆಗೆ ಬಡಿಯಿತು. ಆ ಕಡೆಯದೂ ಅಷ್ಟೇ. ದಿಮ್ಮಿ ಏರಿಸುವವರಿಗೆ ಅದರೊಳಗಿಂದ ಯಾರನ್ನೂ ಇಳಿಸಿ ಗೊತ್ತಿರಲಿಲ್ಲ.

ಲಾರಿಯ ಡ್ರೈವರ್ ಹಿಂದಿನಿಂದ ಇಣುಕಿ, ಕಿಟಕಿಗೆ ಗಾಜಿಲ್ಲ, ಅಲ್ಲಿಂದಲೇ ಹೊರಬಂದು ಕಾರಿನ ಮೇಲೆ ಹತ್ತಿ ಹಿಂದಕ್ಕೆ ಬರ್ರಿ, ನಾವೆಲ್ಲ ಮುಖ ಆ ಕಡೆ ಮಾಡುತ್ತೇವೆ ಎಂದ. ನಾನು ಇಳಕಲ್ ಸೀರೆಯಲ್ಲಿದ್ದೆ. ಅವರು ಮುಖ ತಿರುಗಿಸಿದರೂ ನನಗೆ ಅದು ಆಗುವ ಮಾತಾಗಿರಲಿಲ್ಲ. ನಾ ಇಲ್ಲೇ ಇರ್ತೀನಿ ಅಂದೆ. ಡ್ರೈವರ್ ಬೇಡವೆಂದ. ಇಂಥ ಗಾಡಿಯಲ್ಲಿ ಮಂದಿಯನ್ನು ಕೂಡಿಸುವುದಿಲ್ಲ ಎಂದ. ಅವನದು ಸರಿ ಇತ್ತು. ನೀವು ಯಾರೂ ಎಂದೂ ಹಾಗೆ ಮಾಡಬೇಡಿ. ನಾನು ಸ್ಟೇರಿಂಗ್ ಬಿಡದೆ ಕೂತೆ. ಕೊನೆಗೆ ಮುಕಾದಮ ಅವನ ಬೆನ್ನು ತಟ್ಟಿದ.

"ವೈನಿ ಇಳಿಯೂದಿಲ್ಲಂದ್ರ ಇಳಿಯೂದಿಲ್ಲ. ನೀ ಸವಕಾಶ ಹೋಗು. ಒಳಗ ಸಾಮಾನಲ್ಲಪಾ, ಮನಿಸ್ಯಾರು ಅದಾರ."

ಏನಾದರೂ ಬೇಕಾದರೆ ಮುಂದಿನ ಗೋಡೆ ಬಡಿಯಿರಿ ಎಂದು ಹೇಳಿ ಡ್ರೈವರ್ ಬಾಗಿಲು ಮುಚ್ಚಿ ಕಬ್ಬಿಣದ ಪಟ್ಟಿ ಅಡ್ಡ ಹಾಕಿದ. ಮುಂದಿನ ಗೋಡೆಗೂ ನನಗೂ ನಡುವೆ ಕಾರಿನ ಇಡೀ ಮೂತಿ ಇತ್ತು. ಕೈ ಮುಟ್ಟುವುದಿಲ್ಲ ಎಂದು ನಾನು ಹೇಳಲಿಲ್ಲ.

ಹಲಗೆಯ ಸಂದುಗಳಲ್ಲಿ ಬೆಳಕಿನ ಗೆರೆ ಬಿದ್ದಿತ್ತು. ಕಾರಿನಲ್ಲಿ ಎಣ್ಣೆಯ ವಾಸನೆ, ಅಜ್ಜ ಕೈ ಒರೆಸುತ್ತಿದ್ದ ಬಟ್ಟೆಯ ವಾಸನೆ. ಸತ್ತ ಮನೆಗೆ ಬಂದವರೆಲ್ಲ ಹೋದ ಮೇಲೂ ನಾನು ಒಬ್ಬಳೇ ಕೂತದ್ದಿರಲಿಲ್ಲ. ಯಾರಾದರೂ ಹತ್ತಿರ ಇರುತ್ತಿದ್ದರು. ಅವತ್ತು ಮೊದಲ ಸಲ ನನ್ನ ಸುತ್ತ ಯಾರೂ ಇರಲಿಲ್ಲ. ಅಳು ಬರಬಹುದು ಎಂದುಕೊಂಡೆ. ಬರಲಿಲ್ಲ. ಪಕ್ಕದ ಸೀಟಿನ ಹೊಲಿಗೆಯ ಮೇಲೆ ಕೈ ಆಡಿಸುತ್ತ ಕೂತೆ.

ಊರು ದಾಟಿದ ಮೇಲೆ ರಸ್ತೆ ಕೆಟ್ಟಿತು. ನೆತ್ತಿಯ ಮೇಲಿನ ಹಗ್ಗ ಮೊದಲು ಕಿರ್ ಅನ್ನುತ್ತಿತ್ತು. ಆಮೇಲೆ ಪಟ್ ಪಟ್ ಎಂದು ಬಡಿಯತೊಡಗಿತು. ದಾರಿಯಲ್ಲಿನ ದೇಸೂರು ದಾಟಿ ಒಂದು ಏರಿನಲ್ಲಿ ಹಿಂದೆ ಏನೋ ಕಟಕ್ ಎಂದು ಜಾರಿತು. ಕಾರು ಮೆಲ್ಲಗೆ ಹಿಂದಕ್ಕೆ ಸರಿಯಿತು. ಬೆಣೆ ತಪ್ಪಿತ್ತು. ಮೂರು ಸಲ ಒತ್ತಿ ಹಿಡಿದೆ. ನಿಂತಿತು. ಸ್ವಲ್ಪ ಹೊತ್ತಿಗೆ ಪೆಡಲು ಕಾಲ ಕೆಳಗೆ ತಾನೇ ಇಳಿಯತೊಡಗಿತು, ಮತ್ತೆ ಒತ್ತಿದೆ. ಒತ್ತಲು ಕಾಲು ಎತ್ತಿದಾಗೊಮ್ಮೆ ಕಾರು ಒಂದಿಷ್ಟು ಹಿಂದೆ ಹೋಗುತ್ತಿತ್ತು. ಅದರ ಬೆನ್ನು ಲಾರಿಯ ಬಾಗಿಲಿಗೆ ಮುಟ್ಟಿದ್ದು ನನಗೆ ಬೆನ್ನಿನಲ್ಲೇ ತಿಳಿಯಿತು. ಈಗ ಕಾರಿಗೂ ರಸ್ತೆಗೂ ನಡುವೆ ಇದ್ದದ್ದು ಎರಡು ಹಲಗೆಯ ಬಾಗಿಲು, ಒಂದು ಪಟ್ಟಿ, ನನ್ನ ಬಲಗಾಲು.

ಕೂಗಬೇಕಿತ್ತು. ಏನೆಂದು ಕೂಗುವುದು ಎಂದೇ ತಿಳಿಯಲಿಲ್ಲ. ಡ್ರೈವರನ ಹೆಸರು ಗೊತ್ತಿರಲಿಲ್ಲ, ಗೊತ್ತಿದ್ದರೂ ಕರೆಯುವಂತಿರಲಿಲ್ಲ. ಅಣ್ಣಾ ಅಂದೆ. ಲಾರಿಯ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ. ಮತ್ತೆ ಕೂಗಲಿಲ್ಲ. ಕಾಲು ಮರಗಟ್ಟಿತು. ಒಂದರ ಮೇಲೆ ಇನ್ನೊಂದು ಕಾಲಿಟ್ಟು ಒತ್ತಿ ಹಿಡಿದೆ. ಒತ್ತು, ಹಿಡಿ ಎಂದು ನನ್ನಷ್ಟಕ್ಕೆ ನಾನೇ ಅನ್ನುತ್ತಿದ್ದೆ. ಬಿಡು ಎನ್ನುವವರು ಯಾರೂ ಇರಲಿಲ್ಲ.

ಬೆಳಗಾವಿ ಮುಟ್ಟುವಾಗ ರೈಲ್ವೆ ಗೇಟು ಹಾಕಿತ್ತು. ಅಲ್ಲಿ ರಸ್ತೆ ಹಳಿಯ ಕಡೆಗೆ ಸ್ವಲ್ಪ ಏರುತ್ತದೆ. ಲಾರಿ ಏರಿನಲ್ಲಿ ನಿಂತಿತು, ಎಂಜಿನ್ ಬಂದ್ ಆಯಿತು. ಹೊರಗೆ ಸೈಕಲ್ ಗಂಟೆ, ಶೇಂಗಾ ಮಾರುವವನ ದನಿ. ಡ್ರೈವರ್ ಇಳಿದು ಹಚ್ಚಿದ ಬೀಡಿಯ ವಾಸನೆ ಸಂದಿನಿಂದ ಬಂತು. ಆಮೇಲೆ ಅವನ ಚಪ್ಪಲಿಯ ಸದ್ದು ಲಾರಿಯ ಬಾಜುವಿನಿಂದ ಹಿಂದಕ್ಕೆ ಹೋಯಿತು. ಪಾಪ, ಸೆಖೆಯಲ್ಲಿ ಕೂತಿದ್ದಾರೆ, ಒಂದಿಷ್ಟು ಗಾಳಿಯಾಡಲಿ ಎಂದು ಅವನು ಬಂದಿದ್ದ. ಕಬ್ಬಿಣದ ಪಟ್ಟಿಗೆ ಕೈ ಹಾಕಿದ. ಅದು ಅಲುಗಾಡಿತು.

"ಬಾಗಲಾ ತಗೀಬ್ಯಾಡ್ರೀ!"

ಆ ದನಿ ನನ್ನದೆಂದು ನನಗೆ ಒಂದು ಕ್ಷಣ ನಂಬಿಕೆಯಾಗಲಿಲ್ಲ. ಹೊರಗೆ ಶೇಂಗಾದವನೂ ಸುಮ್ಮನಾದ. ಪಟ್ಟಿಯ ಸದ್ದು ನಿಂತಿತು. ಗಾಡಿ ಬಾಗಿಲಿಗೆ ಆತುಕೊಂಡಿದೆ, ಬೆಣೆ ತಪ್ಪಿದೆ, ದೇಸೂರಿನಿಂದ ನಾನು ಬ್ರೇಕ್ ಹಿಡಿದಿದ್ದೇನೆ ಎಂದು ಒಂದೊಂದಾಗಿ ಕೂಗಿ ಹೇಳಿದೆ. ಅವನು ಪಟ್ಟಿಯನ್ನು ಗುದ್ದಿ ಮತ್ತೆ ಬಿಗಿ ಮಾಡಿದ. ರೈಲು ಹೋಯಿತು. ಗೇಟು ದಾಟಿ ಸಪಾಟು ಜಾಗದಲ್ಲಿ ಲಾರಿ ನಿಲ್ಲಿಸಿ, ಬಾಗಿಲಿನ ಒಂದು ಕದವನ್ನು ಕೈ ಹಿಡಿಯುವಷ್ಟೇ ಸರಿಸಿ, ಗಾಲಿಗಳ ಹಿಂದೆ ಕಲ್ಲು ತುರುಕಿದ. ಆಮೇಲೆ ಬಾಗಿಲು ತೆರೆದು ಹಿಂದಿನ ಎರಡೂ ಗಾಲಿಗಳನ್ನು ಕೊಂಡಿಗೆ ಬಿಗಿದು ಕಟ್ಟಿದ.

"ದೇಸೂರದಿಂದ ಹಿಡಕೊಂಡು ಕುಂತೀರಿ?" ಎಂದು ಕೇಳಿದ. ಹೂಂ ಅಂದೆ. "ಇಷ್ಟೊತ್ತನಕ ಯಾಕ ಒದರಲಿಲ್ರಿ ಬಾಯಾರ?"

ನಾನು ಪೆಡಲಿನಿಂದ ಕಾಲು ತೆಗೆದೆ. ಅವನು ಬಾಗಿಲು ಮುಚ್ಚಿ ಲಾರಿ ಹತ್ತಿದ.

ಭಾವನವರ ಮನೆಯ ಹಿಂದಿನ ಓಣಿಯಲ್ಲಿ ಎತ್ತರದ ಒಡ್ಡು ಇತ್ತು. ಅದಕ್ಕೆ ಲಾರಿ ಹಚ್ಚಿ, ಓಣಿಯ ಮಂದಿಯನ್ನು ಕರೆದು, ನಾನು ಒಳಗಿರುವಂತೆಯೇ ಕಾರನ್ನು ಹಿಂದಕ್ಕೆ ಇಳಿಸಿದರು. ಭಾವನವರು ಅದರ ಸುತ್ತ ಒಂದು ಸಲ ನಡೆದರು. ಹಿಂದಿನ ಬಂಪರಿನಲ್ಲಿ ಬಾಗಿಲ ಹಲಗೆಯ ಗುರುತು ಇತ್ತು. ನೆತ್ತಿಯ ಮೇಲೆ ಹಗ್ಗ ಉಜ್ಜಿ ಹೊಸ ಬಣ್ಣ ಹೋಗಿ ಒಂದು ಗೆರೆ ಬಿದ್ದಿತ್ತು. ಅವರು ಆ ಗೆರೆಯ ಮೇಲೆ ಬೆರಳಾಡಿಸಿದರು. ಡ್ರೈವರ್ ಅವರನ್ನು ಪಕ್ಕಕ್ಕೆ ಕರೆದು ಏನೋ ಹೇಳಿದ. ಹೇಳುತ್ತ ತನ್ನ ಬಲಗಾಲನ್ನು ನೆಲಕ್ಕೆ ಒತ್ತಿ ತೋರಿಸಿದ. ಭಾವನವರು ಕಾರಿನ ಕಡೆ ನೋಡಿ, ಆಮೇಲೆ ನೆಲ ನೋಡುತ್ತ ನಿಂತರು. ಅತ್ತೆ ಅಲ್ಲಿರಲಿಲ್ಲ. ಭಾವನವರು ನನಗೇ ಹೇಳಿದರು.

"ಇದೇನ ಮುರದಂಗಲ್ಲ ಬಿಡವಾ. ಗ್ವಾಡಿ ಕಡೆ ಹೊಳ್ಳಸು."

ನೂಕುವವರು ನೂಕಿದರು, ನಾನು ಹೊರಳಿಸಿದೆ. ಹಿತ್ತಲ ಗೋಡೆಯ ಪಕ್ಕ, ನುಗ್ಗೆಯ ಗಿಡದ ಕೆಳಗೆ ಅದು ನಿಂತಿತು. ಗಾಲಿಗೆ ಇಟ್ಟಂಗಿ ಕೊಟ್ಟು ಮಂದಿಯೆಲ್ಲ ಚಹಾಕ್ಕೆ ಪಡಸಾಲೆಗೆ ಹೋದರು. ಬಾಗಿಲು ಈಗ ಪೂರ್ತಿ ತೆರೆಯುತ್ತಿತ್ತು. ನನ್ನ ಕಾಲು ಮಾತ್ರ ನೆಲಕ್ಕೆ ಊರಲು ಬರುತ್ತಿರಲಿಲ್ಲ. ಸ್ವಲ್ಪ ಸುಧಾರಿಸಿಕೊಂಡು ಇಳಿದರಾಯಿತು ಎಂದು ಅಲ್ಲೇ ಕೂತೆ.

ಒಳಗಿನಿಂದ ತಾಟು ಹಾಕುವ ಸದ್ದು, ನಿಮ್ಮ ಅವ್ವ ಬೇರೆ ಮಕ್ಕಳ ಜೊತೆ ನಗುವ ದನಿ ಕೇಳಿಸುತ್ತಿತ್ತು. ದೊಡ್ಡ ಮನೆ. ನನ್ನನ್ನು ಊಟಕ್ಕೆ ನೆಗೆಣ್ಣಿ, ಅಂದರೆ ಭಾವನವರ ಹೆಂಡತಿ, ಕರೆದಿರಬೇಕು ಎಂದು ಅತ್ತೆ ಅಂದುಕೊಂಡಿದ್ದರು, ನೆಗೆಣ್ಣಿ ಅತ್ತೆ ಕರೆದಿರಬೇಕು ಎಂದುಕೊಂಡಿದ್ದಳು. ಅವರು ಮೊದಲನೆಯ ಪಂಕ್ತಿ ಎತ್ತಿ ಎರಡನೆಯದು ಬಡಿಸುವವರೆಗೆ ನನ್ನ ನೆನಪು ಯಾರಿಗೂ ಬರಲಿಲ್ಲ.